ಉಪ್ಪುನೀರಿನ ಮೀನು ನೋಡಿಕೊಳ್ಳುವವರು

ಧಾರವಾಡದ ನಮ್ಮ ಮನೆಯ ಉಪ್ಪುನೀರಿನ ಮೀನುತೊಟ್ಟಿಯನ್ನು ನೋಡಿಕೊಳ್ಳಲು ತಿಂಗಳಿಗೊಮ್ಮೆ ಹುಬ್ಬಳ್ಳಿಯಿಂದ ಒಬ್ಬರು ಬರುತ್ತಿದ್ದರು. ಬಂದವರೇ ಸೋಪು ಮುಟ್ಟದೆ ಮೊಣಕೈವರೆಗೂ ಕೈ ತೊಳೆದುಕೊಂಡು, ತಳದ ಉಸುಕನ್ನು ಒಂದು ಚಿಟಿಕೆ ತೆಗೆದು ಮೂಸುತ್ತಿದ್ದರು. "ಅವಸರ ಬ್ಯಾಡ್ರಿ" ಎಂಬುದು ಸದಾ ಅವರ ಬಾಯಲ್ಲಿದ್ದ ಮಾತು.

ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ ಹೊಸದಾಗಿ ಕಟ್ಟಬೇಕಿದ್ದ ದಿನ ಅವರು ಫೋನಿನಲ್ಲಿ ಹೇಳಿದ್ದರು: "ನಾ ಬರೂತನಕ ಉಸುಕಿಗೆ ಕೈ ಹಚ್ಚಬ್ಯಾಡ್ರಿ. ಅವಸರ ಬ್ಯಾಡ್ರಿ." ಅವರು ಬರುವುದು ತಡವಾಯಿತು. ಮೀನುಗಳು ಒಳಗಿರುವಾಗಲೇ ನಾನು ವರ್ಷಗಳ ಹಳೇ ಉಸುಕನ್ನು ಕೆದಕಿಬಿಟ್ಟೆ. ತಳದಿಂದ ಕಪ್ಪು ರಾಡಿ ಎದ್ದಿತು, ಅಡಿಯಲ್ಲಿ ಸೇರಿಕೊಂಡಿದ್ದ ವಿಷಗಾಳಿಯ ಕೊಳೆತ ಮೊಟ್ಟೆಯಂಥ ವಾಸನೆ ಕೋಣೆ ತುಂಬಿತು. ಕಿತ್ತಳೆ ಬಣ್ಣದ ಎರಡು ಮೀನುಗಳೂ ಮೇಲೆ ಬಂದು ಬಾಯಿ ಬಿಡತೊಡಗಿದವು.

ಅಷ್ಟರಲ್ಲಿ ಬಂದ ಅವರು ಚಪ್ಪಲಿಯನ್ನೂ ಬಿಡಲಿಲ್ಲ. ತಾವು ತಂದಿದ್ದ ಹೊಸ ಉಪ್ಪುನೀರಿನ ಬಕೆಟ್ಟಿಗೆ ಎರಡನ್ನೂ ಬೊಗಸೆಯಲ್ಲೇ ಎತ್ತಿ ಹಾಕಿದರು. ಮೀನುಗಳು ಅಡ್ಡ ಮಲಗಿದವು. ಅವರು ನೆಲಕ್ಕೆ ಕುಳಿತು ಅಂಗೈಯಿಂದ ನೀರನ್ನು ಮೆಲ್ಲಗೆ ಆಡಿಸುತ್ತಲೇ ಇದ್ದರು. ನಾನು ಏನೋ ಹೇಳಹೋದೆ.

"ಈಗ ಮಾತು ಬ್ಯಾಡ್ರಿ" ಎಂದರು.

ತಾಸಿನ ಮೇಲೆ ದೊಡ್ಡ ಮೀನು ನೆಟ್ಟಗಾಗಿ ಈಜಿತು. ಸಣ್ಣದು ಏಳಲಿಲ್ಲ.

ಅವರು ಹಳೇ ಉಸುಕನ್ನೆಲ್ಲ ಚೀಲಕ್ಕೆ ತುಂಬಿಟ್ಟು, ಹೊಸ ಉಸುಕನ್ನು ತಿಳಿನೀರು ಬರುವವರೆಗೂ ತೊಳೆದರು. ನನಗೆ ತಡೆಯಲಾಗಲಿಲ್ಲ.

"ನನ್ನಿಂದನ ಸತ್ತಿತೇನ್ರಿ?"

"ಹೌದ್ರಿ" ಎಂದರು, ತಲೆ ಎತ್ತದೆ. "ಮೊದಲ ಸಲ ನಾನೂ ಹಿಂಗ ಕೆದಕಿದ್ದೆ. ನನ್ನವು ಒಂದೂ ಉಳೀಲಿಲ್ರಿ. ಆಮ್ಯಾಲನ ಈ ಕೆಲಸ ಕಲತೆ."