ಹೊಲಿದಿಟ್ಟ ಕೊನೆಯ ಅಧ್ಯಾಯ

ನರ್ಸಮ್ಮನ ಕೊರಳಲ್ಲಿ ಶಿಲುಬೆಯ ಪಕ್ಕದಲ್ಲೇ ಒಂದು ಸಣ್ಣ ಕತ್ತರಿ ನೇತಾಡುತ್ತಿತ್ತು. ಗಾಯದ ಹೊಲಿಗೆ ಬಿಚ್ಚುವ ಕತ್ತರಿ, ತುದಿ ತುಸು ಬಾಗಿದ್ದು, ಕಪ್ಪು ದಾರಕ್ಕೆ ಕಟ್ಟಿದ್ದು. ದೇವದುರ್ಗ, ರಾಯಚೂರಿನ ಆಸ್ಪತ್ರೆಗಳಲ್ಲಿ ಆಯುಷ್ಯವೆಲ್ಲ ರೋಗಿಗಳ ಹೊಲಿಗೆ ಬಿಚ್ಚಿದವಳು, ನಿವೃತ್ತಿಯಾದ ಮೇಲೆ ಅದೇ ಕತ್ತರಿಯಿಂದ ಪುಸ್ತಕಗಳ ಹೊಲಿಗೆ ಬಿಚ್ಚುತ್ತಿದ್ದಳು. ಪುಸ್ತಕಕ್ಕೆ ಹೊಲಿಗೆ ಹಾಕುತ್ತಿದ್ದವಳೂ ಅವಳೇ. ಆ ಕತ್ತರಿ ನೆನಪಾದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ನಾನು ದೇವದುರ್ಗದವಳು. ಅಬ್ಬಾನದು ಸಂತೆಯಲ್ಲಿ ಬಳೆ ವ್ಯಾಪಾರ. ಮನೆಯಲ್ಲಿ ದಖ್ಖನಿ, ಓಣಿಯಲ್ಲಿ ಕನ್ನಡ, ಇಂಗ್ಲಿಷ್ ಎಂದರೆ ಎದೆ ಢವಢವ. ಬಿ.ಎ. ಓದಲು ರಾಯಚೂರಿಗೆ ಬಂದು ನರ್ಸಮ್ಮನ ಮನೆಗೆ ಹತ್ತಿದ ಕೋಣೆಯಲ್ಲಿ ಬಾಡಿಗೆಗಿದ್ದೆ. ಮೊದಲ ವರ್ಷವೇ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದೆ. ಇನ್ನೊಂದು ಸಲ ಫೇಲಾದರೆ ಗಂಟುಮೂಟೆ ಕಟ್ಟಿಸಿ ಕರೆದೊಯ್ಯುತ್ತೇನೆ ಎಂದು ಅಮ್ಮಿ ಹೇಳಿ ಹೋದಳು. ಕಟ್ಟೆಯ ಮೇಲೆ ಕೂತು ಅಳುತ್ತಿದ್ದ ನನ್ನ ಮಡಿಲಿಗೆ ನರ್ಸಮ್ಮ ಒಂದು ದಪ್ಪ ಇಂಗ್ಲಿಷ್ ಕಾದಂಬರಿ ಹಾಕಿದಳು.

"ಡಿಕ್ಷನರಿ ಮುಟ್ಟಬ್ಯಾಡ," ಅಂದಳು. "ಹುಡುಗಿ ತ್ರಾಸಿನಾಗ ಅದಾಳ. ಅಕಿ ಪಾರಾಗತಾಳೋ ಇಲ್ಲೋ, ಅಷ್ಟ ನೋಡ್ಕೋತ ಹೋಗು. ಊಟ ಆದ ಮ್ಯಾಲ ಹತ್ತು ಪುಟ, ದಿನಾ ಎರಡು ಹೊತ್ತು."

ಗುಳಿಗೆ ಬರೆದುಕೊಟ್ಟ ಹಾಗೆ. ಓಣಿಯಲ್ಲಿ ಯಾರಿಗೆ ಏನು ಕಷ್ಟ ಬಂದರೂ ಆಕೆಯ ಕಪಾಟಿನಲ್ಲಿ ಅದಕ್ಕೊಂದು ಕಾದಂಬರಿ ಇರುತ್ತಿತ್ತು. ಎಲ್ಲವೂ ಒಂದೇ ಜಾತಿಯವು. ನೂರಿನ್ನೂರು ವರ್ಷದ ಹಿಂದಿನ ಯಾವುದೋ ದೂರದ ಊರು, ಅಲ್ಲೊಂದು ಚರ್ಚು, ದೇವರ ಮೇಲೆ ಸಿಟ್ಟಾದ ಒಬ್ಬ ಹುಡುಗಿ, ಹೆಚ್ಚು ಮಾತಾಡದ ಒಬ್ಬ ಹುಡುಗ, ನಡುವೆ ಒಂದು ಕಳವು ಇಲ್ಲವೇ ಕೊಲೆ. ಕೊನೆಗೆ ಅಪರಾಧಿ ಸಿಕ್ಕಬೇಕು, ಮದುವೆ ಆಗಬೇಕು, ಹುಡುಗಿಗೂ ದೇವರಿಗೂ ರಾಜಿ ಆಗಬೇಕು. ರಕ್ಷಾಪುಟದ ಮೇಲೆ ಚರ್ಚೂ ಇರುತ್ತಿತ್ತು, ಅದರ ಮುಂದೆ ತಬ್ಬಿಕೊಂಡು ನಿಂತ ಜೋಡಿಯೂ ಇರುತ್ತಿತ್ತು. ಅಮ್ಮಿ ನೋಡಿದ್ದರೆ ಯಾವುದಕ್ಕೆ ಮೊದಲು ಬೈಯುತ್ತಿದ್ದಳೋ ಗೊತ್ತಿಲ್ಲ. ನರ್ಸಮ್ಮ ಅದನ್ನೂ ಯೋಚಿಸಿ, ಹಳೆಯ ಕ್ಯಾಲೆಂಡರಿನ ಹಾಳೆ ಸುತ್ತಿಯೇ ಕೊಡುತ್ತಿದ್ದಳು.

ಆ ಮೊದಲ ಪುಸ್ತಕವನ್ನು ತಿಂಗಳು ತಿಣುಕಿ ಓದಿದೆ. ಅರ್ಧ ಪುಸ್ತಕ ತಲೆಯ ಮೇಲೆಯೇ ಹೋಯಿತು. ಆದರೂ ಹುಡುಗಿಯ ಅಪ್ಪನನ್ನು ಕೊಂದವರು ಯಾರು ಎನ್ನುವುದು ಊಟ ಮಾಡುವಾಗಲೂ ತಲೆಯಲ್ಲಿ ಕೊರೆಯುತ್ತಿತ್ತು. ಇನ್ನೇನು ಗೊತ್ತಾಗಬೇಕು, ಪುಟ ತಿರುಗಿಸಿದರೆ ತಿರುಗಲಿಲ್ಲ. ಕೊನೆಯ ಅಧ್ಯಾಯದ ಹಾಳೆಗಳನ್ನೆಲ್ಲ ಸೇರಿಸಿ ನರ್ಸಮ್ಮ ಅಂಚಿಗೆ ಬಿಳಿ ದಾರದಿಂದ ಹೊಲಿದಿಟ್ಟಿದ್ದಳು. ಒತ್ತೊತ್ತಾಗಿ, ಒಂದೇ ಅಳತೆಯ ಹೊಲಿಗೆ, ತುದಿಗೆ ಆಸ್ಪತ್ರೆಯ ಗಂಟು.

ಸಿಟ್ಟಿನಿಂದ ಪುಸ್ತಕ ಹಿಡಿದುಕೊಂಡು ಹೋದೆ. ಆಕೆ ಕತ್ತರಿ ಕೈಗೆತ್ತಿಕೊಂಡು ಎದುರಿಗೆ ಕೂರಿಸಿದಳು.

"ಯಾರು ಅಂತಿ? ಯಾಕ ಅಂತಿ? ಹೇಳಿದ್ರ ಬಿಚ್ತೀನಿ."

"ಓದಿದ್ರ ತಾನೇ ಗೊತ್ತಾಗತದಲ್ರೀ?"

"ಮುಗದ ಮ್ಯಾಲ ಎಲ್ಲಾರೂ ಶಾಣ್ಯಾರ. ಮೊದಲ ಹೇಳು."

ಪಾದ್ರಿ, ಅಂದೆ. ಸಂತೆಯಲ್ಲಿ ಬೆಳೆದವಳು ನಾನು. ಪುಸ್ತಕದ ಆ ಪಾದ್ರಿ ಎಲ್ಲರೊಂದಿಗೂ ನಗುನಗುತ್ತ ಮಾತಾಡುತ್ತಿದ್ದ. ಅಷ್ಟು ಒಳ್ಳೆಯವರನ್ನು ಕಂಡರೆ ನನಗೆ ನಂಬಿಕೆ ಬರುವುದಿಲ್ಲ. ನರ್ಸಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಇಂಥಾ ಪುಸ್ತಕದಾಗ ಪಾದ್ರಿ ಕಳ್ಳ ಆಗಂಗಿಲ್ಲ, ಕೊಲೆಗಾರನೂ ಆಗಂಗಿಲ್ಲ. ನಿನಗ ಪಾದ್ರಿ ಮ್ಯಾಲ ಏನ್ ಸಿಟ್ಟು ಬೇ?" ಎಂದು ಕಚಕ್ ಕಚಕ್ ಎಂದು ಹೊಲಿಗೆ ಬಿಚ್ಚಿದಳು. ಕೊಂದವನು ಹುಡುಗಿಯ ಸೋದರಮಾವ.

ಆ ವರ್ಷ ಇಂಗ್ಲಿಷಿನಲ್ಲಿ ಪಾಸಾದೆ. ಮರುವರ್ಷ ಒಳ್ಳೆಯ ಅಂಕ ಬಂದವು. ಬಿ.ಎಡ್. ಮುಗಿಸಿ ಮಾನ್ವಿಯಲ್ಲಿ ಹೈಸ್ಕೂಲಿನ ಇಂಗ್ಲಿಷ್ ಟೀಚರ್ ಆದೆ. ಆದರೆ ಆ ಹೊಲಿಗೆಯಿಂದ ಬಿಡುಗಡೆ ಸಿಗಲಿಲ್ಲ. ಒಂದು ಅಧ್ಯಾಯ ಬಿಚ್ಚಿಸಿಕೊಳ್ಳಲು ಮಾನ್ವಿಯಿಂದ ರಾಯಚೂರಿಗೆ ಬಸ್ಸಿನಲ್ಲಿ ನಿಂತು ಹೋಗಬೇಕು. ಫೋನಿನಲ್ಲಿ ಹೇಳುತ್ತೇನೆ ಎಂದರೆ, "ಫೋನಿನಾಗ ಮಾರಿ ಕಾಣಂಗಿಲ್ಲ, ಸುಳ್ಳು ಹೇಳ್ತಿ" ಎನ್ನುತ್ತಿದ್ದಳು. ಹೋದರೆ ನಾನು ಪಾದ್ರಿ ಎನ್ನುವುದು, ಆಕೆ ನಗುವುದು. ಛಲಕ್ಕೆ ಬಿದ್ದವಳಂತೆ ಪ್ರತಿ ಸಲವೂ ಪಾದ್ರಿ ಎಂದೇ ಹೇಳಿದೆ. ಪ್ರತಿ ಸಲವೂ ಸೋತೆ.

ಒಮ್ಮೆ ತಾಳ್ಮೆ ತಪ್ಪಿ ಬ್ಲೇಡಿನಿಂದ ನಾನೇ ಬಿಚ್ಚಿದೆ. ಓದಿ, ಅದೇ ತೂತುಗಳಲ್ಲಿ ದಾರ ಪೋಣಿಸಿ ಮತ್ತೆ ಹೊಲಿದೆ. ಬಳೆಗಾರನ ಮಗಳ ಕೈ, ಯಾರಿಗೂ ಗೊತ್ತಾಗದು ಎಂದುಕೊಂಡಿದ್ದೆ. ನರ್ಸಮ್ಮ ಗಂಟಿನ ಮೇಲೆ ಬೆರಳಿಟ್ಟು, "ಇದು ನನ್ನ ಗಂಟಲ್ಲ" ಅಂದಳು. ಬೈಯಲಿಲ್ಲ. ಈಸ್ಟರ್‌ಗೆ ಮುಂಚಿನ ಅವರ ಉಪವಾಸದ ದಿನಗಳು ಆಗಷ್ಟೇ ಶುರುವಾಗಿದ್ದವು. "ನಲವತ್ತು ದಿನ ಪುಸ್ತಕ ಇಲ್ಲ. ನೀವೂ ರೋಜಾ ಹಿಡೀತೀರಿ, ನಾವೂ ಹಿಡೀತೀವಿ. ಇದೂ ಒಂದು ಅಂತ ತಿಳ್ಕೋ." ಹೇಳಿದ ಹಾಗೆಯೇ ಮಾಡಿದಳು. ಆ ಮುದುಕಿಯ ಹಟಕ್ಕೆ ಏನೆನ್ನಬೇಕು ಹೇಳಿ.

ಕೊನೆಯ ಪುಸ್ತಕದ ಮಾತಿಗೆ ಬರುತ್ತೇನೆ. ಹೋದ ವರ್ಷ ಬೇಸಿಗೆ ಮುಗಿಯುವಾಗ ಹೋಗಿದ್ದೆ, ಬಸ್ಸಿನ ಅವಸರದಲ್ಲಿದ್ದೆ. ಆಕೆ ಕಪಾಟಿನೊಳಗೆ ಕೈ ಹಾಕಿ, ಪುಸ್ತಕಗಳ ಬೆನ್ನು ಸವರುತ್ತ ಸವರುತ್ತ ಒಂದನ್ನು ತೆಗೆದುಕೊಟ್ಟಳು. ಕತೆ ಚೆನ್ನಾಗಿತ್ತು. ಒಂದೂರಿನ ಚರ್ಚಿನಿಂದ ಬೆಳ್ಳಿಯ ಬಟ್ಟಲು ಕಳವಾಗುತ್ತದೆ. ಗಂಟೆ ಎರಕ ಹೊಯ್ಯುವ ಬಡ ಹುಡುಗನನ್ನು ಜೈಲಿಗೆ ಹಾಕುತ್ತಾರೆ. ಅವನನ್ನು ಪ್ರೀತಿಸುವ ಹುಡುಗಿ ಊರಿನ ವಕೀಲ, ಪಾದ್ರಿ ಎಲ್ಲರನ್ನೂ ವಿಚಾರಿಸುತ್ತ ನಿಜವಾದ ಕಳ್ಳನನ್ನು ಹುಡುಕಲು ಹೊರಡುತ್ತಾಳೆ. ಓದುತ್ತ ಓದುತ್ತ ಪಾಠದ ತಯಾರಿಯೂ ಮರೆತುಹೋಯಿತು. ಅಷ್ಟರಲ್ಲಿ ಹೊಲಿಗೆ ಬಂತು. ಒಂದು ಅಧ್ಯಾಯವಲ್ಲ, ಈ ಸಲ ಐದು ಅಧ್ಯಾಯ. ಹೊಲಿಗೆಯೂ ಅಡ್ಡಾದಿಡ್ಡಿ, ಒಂದು ಉದ್ದ ಒಂದು ಗಿಡ್ಡ, ದಾರ ಅಲ್ಲಲ್ಲಿ ಅಕ್ಷರಗಳ ಮೇಲೆಯೇ ಹಾಯ್ದಿತ್ತು.

ನೆತ್ತಿಗೇರಿತು ಸಿಟ್ಟು. ಬರಬರುತ್ತ ಅತಿಯಾಯಿತು ಇವಳದು, ಇಷ್ಟು ವರ್ಷ ನನ್ನನ್ನು ಕಾಯಿಸಿದ್ದಾಳೆ, ಒಂದು ಸಲ ಇವಳೂ ಕಾಯಲಿ ಎಂದು ಪುಸ್ತಕವನ್ನು ಚೀಲದಲ್ಲೇ ಇಟ್ಟುಕೊಂಡು ಓಡಾಡಿದೆ. ಹೋಗಲಿಲ್ಲ.

ಎಂದೂ ತಾನಾಗಿ ಫೋನ್ ಮಾಡದವಳು ಮಾಡಿದಳು. "ಎಲ್ಲೀತನಕ ಬಂತು?"

"ಹೊಲಿಗೀ ತನಕ."

"ಮತ್ತ ಯಾವಾಗ ಬರ್ತಿ?"

ಪೇಪರ್ ತಿದ್ದುವುದಿದೆ ಎಂದೆ. ವಾರ ಬಿಟ್ಟು ಮತ್ತೆ ಮಾಡಿದಳು. ತರಬೇತಿ ಇದೆ ಎಂದೆ. ಮೂರನೆಯ ಸಲ, "ಹೊಲಿಗಿ ಭಾಳ ಹಾಕೀನಿ ಅಂತ ಸಿಟ್ಟೇನು? ಒಂದಿನ ಬಂದು ಹೋಗು ಬೇ" ಅಂದಳು. ದನಿ ಎಂದಿನಂತಿರಲಿಲ್ಲ. ನನಗೆ ಗೆದ್ದ ಹಾಗಾಯಿತು. ಬರ್ತೀನಿ ತಗೋರಿ ಎಂದು ಇಟ್ಟುಬಿಟ್ಟೆ. ಎರಡು ತಿಂಗಳು ಹಾಗೆಯೇ ಕಳೆದೆ.

ಆಮೇಲೆ ಆಕೆಯ ತಂಗಿಯ ಮಗಳಿಂದ ಫೋನ್ ಬಂತು. ಕೊನೆಗಾಲಕ್ಕೆ ನೋಡಿಕೊಳ್ಳುತ್ತಿದ್ದವಳು ಅವಳೇ. ಸಕ್ಕರೆ ಕಾಯಿಲೆ ಏರಿ, ಎರಡೇ ದಿನದಲ್ಲಿ ಎಲ್ಲ ಮುಗಿದಿತ್ತು. ಚೀಲ ಹೆಗಲಿಗೆ ಹಾಕಿಕೊಂಡು ಸಿಕ್ಕ ಬಸ್ ಹತ್ತಿದೆ. ಮಣ್ಣು ಕೊಟ್ಟು ಎಲ್ಲರೂ ಚದುರಿದ ಮೇಲೆ ಆ ತಂಗಿಯ ಮಗಳು ಕತ್ತರಿ ತಂದು ನನ್ನ ಕೈಗಿಟ್ಟಳು.

"ದೊಡ್ಡವ್ವ ನಿಮಗ ಕೊಡು ಅಂದಿದ್ಲು. ಆ ಪುಸ್ತಕ ಓದಿದಿರೇನ್ರೀ?"

"ಹೊಲಿಗಿ ಬಿಚ್ಚಿಲ್ಲಲ್ಲ."

"ಅಕಿನೂ ಓದಿಲ್ಲ. ಅಲ್ಲೀತನಕ ಓದೋದ್ರಾಗ ಕಣ್ಣು ಪೂರಾ ಹೋದ್ವು. ಕೈಲೆ ಸವರಿ ಸವರಿ ಹೊಲದ್ಲು. ನಾ ಓದಿ ಹೇಳ್ತೀನಿ ಅಂದ್ರ ಬ್ಯಾಡಂದ್ಲು. ಮಾನ್ವಿಯಾಕಿ ಬಂದು ಓದ್ಲಿ, ಈ ಸಲ ನನಗೂ ಗೊತ್ತಿಲ್ಲ, ಇಬ್ಬರೂ ಕೂಡೇ ನೋಡ್ತೀವಿ ಅಂದ್ಲು."

ಕಟ್ಟೆಯ ಮೇಲೆ ಕೂತು ಚೀಲದಿಂದ ಪುಸ್ತಕ ತೆಗೆದೆ. ಊರ ಮಂದಿಗೆಲ್ಲ ಕಣ್ಣು ತೋರಿಸ್ಕೋರಿ, ಸಕ್ಕರೆ ತೋರಿಸ್ಕೋರಿ ಎಂದು ಬೆನ್ನು ಹತ್ತುತ್ತಿದ್ದವಳು. ಮೂರು ಸಲ ಫೋನ್ ಮಾಡಿದ್ದಳಲ್ಲ, ಕಣ್ಣು ಕಾಣಂಗಿಲ್ಲ ಬಾ ಎಂದು ಒಂದು ಮಾತು ಹೇಳಿದ್ದರೆ ಶಾಲೆಗೆ ರಜೆ ಚೀಟಿಯನ್ನೂ ಬರೆಯದೆ ಓಡಿ ಬರುತ್ತಿದ್ದೆ. ಹೇಳಲಿಲ್ಲ. ನಾನೂ ಕೇಳಲಿಲ್ಲ. ಇಬ್ಬರ ಮೇಲೂ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

"ಕಳ್ಳ ಯಾರಿರಬೇಕು ಅಂತ ಹೇಳಿದ್ಲಾ?" ಎಂದು ಕೇಳಿದೆ.

"ವಕೀಲ ಅಂದಾಳ. ಮದಿವಿ ಆಗೇ ಆಗತದ ಅಂತನೂ ಅಂದಾಳ."

ನಾನು ಪಾದ್ರಿ ಎಂದೆ, ಬಾಯಿ ಬಿಟ್ಟು, ಆ ತಂಗಿಯ ಮಗಳ ಎದುರಿಗೆ. ಆಮೇಲೆ ಬಿಚ್ಚಿದೆ. ಅದೇ ಕಟ್ಟೆಯ ಮೇಲೆ ಐದೂ ಅಧ್ಯಾಯ ಓದಿ ಮುಗಿಸುವಾಗ ಬಿಸಿಲು ಇಳಿದಿತ್ತು. ಮದುವೆ ಆಯಿತು. ಬಟ್ಟಲು ಒಯ್ದವನು ವಕೀಲನಲ್ಲ, ಪಾದ್ರಿ. ಊರಿಗೆ ಬೇನೆ ಬಂದಾಗ ಔಷಧ ತರಿಸಲು ಮಾರಿದ್ದ. ಹುಡುಗ ಜೈಲಿನಲ್ಲಿ ಕೊಳೆಯುವುದನ್ನು ನೋಡುತ್ತ ಸುಮ್ಮನಿದ್ದ.

ಮೊದಲ ಬಾರಿಗೆ ನಾನು ಸರಿ ಹೇಳಿದ್ದೆ. ಕೇಳಿಸಿಕೊಳ್ಳಬೇಕಾದವಳನ್ನು ಬೆಳಿಗ್ಗೆಯಷ್ಟೇ ಮಣ್ಣು ಮಾಡಿ ಬಂದಿದ್ದೆವು.

ಇದ್ದಿದ್ದರೆ ಒಪ್ಪುತ್ತಲೂ ಇರಲಿಲ್ಲ, ನನಗೆ ಗೊತ್ತು. "ಜಡ್ಡಿನ ಮಂದಿಗೆ ಔಷಧ ತರಾಕ ಒಯ್ದಾನ ಬೇ, ಕಳ್ಳ ಹೆಂಗಾಗತಾನ?" ಎನ್ನುತ್ತಿದ್ದಳು. ಬಾಯಿ ಬಿಟ್ಟು ಹೇಳಬೇಕಾದಾಗ ಹೇಳದೆ ಕೂತವನು ಕಳ್ಳನೇ ಎಂದು ನಾನು ಬಿಡುತ್ತಿರಲಿಲ್ಲ. ಮಾನ್ವಿ ಬಸ್ಸಿನಲ್ಲಿ ಕಿಟಕಿಗೆ ಒರಗಿ ದಾರಿಯುದ್ದಕ್ಕೂ ಆಕೆಯ ಜೊತೆ ಅದೇ ಜಗಳ ಮಾಡುತ್ತ ಬಂದೆ. ಆ ಜಗಳವನ್ನು ಇಂಗ್ಲಿಷಿನಲ್ಲಿ ಮಾಡುತ್ತಿದ್ದೇನೆ ಎನ್ನುವುದು ಮಾನ್ವಿಗೆ ಮುಂಚಿನ ಊರು ನೀರಮಾನ್ವಿ ಬಂದಾಗ ಗೊತ್ತಾಯಿತು.