ಕೌದಿಗೆ ಹೋದ ಹಳೇ ಕಾಗದ

೨೦೨೦ರ ಜನವರಿ. ನಾನಾಗ ಮಸ್ಕಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಪೌರತ್ವಕ್ಕೆ ತಮ್ಮದೂ ತಂದೆತಾಯಿಯದೂ ಹುಟ್ಟಿದ ಕಾಗದ ತೋರಿಸಬೇಕಂತೆ ಅನ್ನುವ ಸುದ್ದಿ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿದ್ದ ಕಾಲ ಅದು. ನನ್ನ ಹಳೆಯ ವಿದ್ಯಾರ್ಥಿನಿ, ಸಿಂಧನೂರಿನ ಶಬಾನಾ, ಲಿಂಗಸುಗೂರಿನ ಕಲಾ ಪ್ರದರ್ಶನಕ್ಕೆ ಒಂದು ಇನ್‌ಸ್ಟಲೇಶನ್ ಮಾಡಲು ಹೊರಟಿದ್ದಳು. ಇನ್‌ಸ್ಟಲೇಶನ್ ಅಂದರೆ ಬಣ್ಣ ಬಳಿಯುವುದಲ್ಲ, ಇರುವ ವಸ್ತುಗಳನ್ನೇ ಜೋಡಿಸಿ ನಿಲ್ಲಿಸುವುದು. ಜನರ ರೇಷನ್ ಕಾರ್ಡು, ವೋಟರ್ ಕಾರ್ಡು, ಶಾಲೆಯ ಟಿ.ಸಿ.ಗಳ ಜೆರಾಕ್ಸ್ ಕೂಡಿಸಿ ಹಳೇ ಬಟ್ಟೆಯ ಚೂರು ಜೋಡಿಸಿ ಹೊಲಿಯುವ ಹೊದಿಕೆಯ ಹಾಗೆ, ಗೋಡೆಯಷ್ಟು ದೊಡ್ಡ ಕೌದಿ ಮಾಡುವುದು ಅವಳ ವಿಚಾರ. ಕತ್ತರಿಸಿ ಅಂಟಿಸುವ ಕೆಲಸ ನಮ್ಮ ಶಾಲೆಯ ಡ್ರಾಯಿಂಗ್ ಕೋಣೆಯಲ್ಲೇ ಮಾಡಲು ನಾನು ವಹಿಸಿಕೊಂಡೆ.

ಕೈಕೆಲಸದ ಜಂಬ ನನಗೆ ಬಹಳ. "ಅಳತಿ ನೋಡ್ರಲೇ, ಅಕ್ಷರ ಓದಕೋತ ಕೂಡಬ್ಯಾಡ್ರಿ" ಅಂತ ಹುಡುಗರನ್ನು ಬೈಯುತ್ತಿದ್ದವನು ನಾನು. ಶಬಾನಾ ಕೊಟ್ಟ ನೂರಾ ಎಂಟು ಕಾಗದಗಳಲ್ಲಿ ಒಂದನ್ನೂ ಓದಲಿಲ್ಲ. ಅಂಚು ಕತ್ತರಿಸಿ, ಮೈದಾ ಅಂಟು ಹಚ್ಚಿ, ಬಟ್ಟೆಯ ಮೇಲೆ ಕೂಡಿಸಿದೆ. ಒಂದು ಕಾಗದ ಮಾತ್ರ ಹಳದಿಯಾಗಿತ್ತು. ಚೆಂದ ಕಾಣುತ್ತದೆ ಅಂತ ಅದನ್ನು ನಟ್ಟನಡುವೆ ಹಚ್ಚಿದೆ.

ಮರುದಿನ ಮಧ್ಯಾಹ್ನ ಸಂತೆಕಲ್ಲೂರಿನಿಂದ ಖಾಸೀಂಬಿ ಬಂದಳು. ಶಬಾನಾಳಿಗೆ ಕಾಗದ ಕೊಟ್ಟವರಲ್ಲೊಬ್ಬಳು, ಅರವತ್ತು ದಾಟಿದ ಬಳೆ ವ್ಯಾಪಾರದ ಹೆಂಗಸು. ಬಾಗಿಲಲ್ಲೇ ನಿಂತು ಏದುಸಿರು ಬಿಡುತ್ತಿದ್ದಳು.

"ಮಾಸ್ತರ್ರೀ, ನಂದು ಸಾಲಿ ಕಾಗದ ಕೊಟ್‌ಬಿಡ್ರಿ. ಅಸಲಿ ಇಲ್ದವ್ರನ್ನ ಕ್ಯಾಂಪಿಗೆ ಒಯ್ತಾರಂತ ಫೋನಿನ್ಯಾಗ ಬಂದೈತಿ. ನಮ್ಮ ಓಣ್ಯಾಗ ಎಲ್ಲಾರೂ ಹುಡುಕಾಕತ್ತಾರ."

"ಅಸಲಿ ನಿನ್ನ ಹತ್ರಾನ ಇರಬೇಕಲ್ಲಕ್ಕಾ? ನಾವು ಕೇಳಿದ್ದು ಜೆರಾಕ್ಸ್."

"ಕೌದಿ ಅಂದ್ಲಲ್ರೀ ಶಬಾನಾ! ಕೌದಿಗೆ ಯಾರರ ಹೊಸಾದು ಕೊಡ್ತಾರೇನ್ರಿ? ಹೊಸಾ ಜೆರಾಕ್ಸ್ ಪೆಟಗ್ಯಾಗ ಇಟ್ಟು ಹರಕಂದು ಕೊಟ್ಟೀನಿ."

ಅವಳು ಈ ಸೀಮೆಯಲ್ಲೇ ಹುಟ್ಟಿದವಳು ಅನ್ನುವುದಕ್ಕೆ ಇದ್ದದ್ದು ಅದೊಂದೇ ಅಸಲಿ ಕಾಗದ. ಅವಳು ಕಲಿತ ಶಾಲೆಯ ಹಳೆಯ ರಿಜಿಸ್ಟರುಗಳನ್ನು ಗೆದ್ದಲು ತಿಂದು ಎಷ್ಟೋ ವರ್ಷವಾಗಿತ್ತು.

ಹುಡುಕುವುದೇನೂ ಬೇಕಿರಲಿಲ್ಲ. ಆ ಹಳದಿ ಚೌಕ ನನ್ನ ಅಳತೆಗೆ ಸರಿಯಾಗಿ ಕೂತಿತ್ತು. ಹೆಡ್‌ಮಾಸ್ತರರ ಸಹಿ, ಶಾಲೆಯ ಮೊಹರಿನ ಗುಂಡನೆಯ ಶಿಕ್ಕಾ ಇದ್ದ ಕೆಳಗಿನ ಅಂಚು ಮಾತ್ರ ಇರಲಿಲ್ಲ. ಕತ್ತರಿಸಿದ ಚೂರುಗಳನ್ನು ಹಿಂದಿನ ಸಂಜೆ ನಾನೇ ಶಾಲೆಯ ಹಿತ್ತಲಿನ ಕಸಕ್ಕೆ ಹಾಕಿದ್ದೆ. ಅಲ್ಲಿ ದಿನಾ ಮಧ್ಯಾಹ್ನ ಬೆಂಕಿ ಹಚ್ಚುವುದು ರೂಢಿ.

ನನ್ನ ಜೊತೆ ಕೌದಿ ಜೋಡಿಸಲು ಬಂದಿದ್ದ ಶಬಾನಾ ಹಿತ್ತಲಿಗೆ ಓಡಿದಳು. ಹೊಗೆ ಏಳುತ್ತಿತ್ತಂತೆ. ತಿರುಗಿ ಬಂದಾಗ ಅವಳ ಕೈಯಲ್ಲಿ ಎರಡು ಬೆರಳಗಲದ ಚೂರಿತ್ತು. ಅರ್ಧ ಶಿಕ್ಕಾ ಉಳಿದಿತ್ತು, ಸಹಿ ಸುಟ್ಟುಹೋಗಿತ್ತು.

ಬಟ್ಟೆಯ ಹಿಂಬದಿಗೆ ಒದ್ದೆ ಅರಿವೆ ಇಟ್ಟು ಕಾಗದ ಬಿಡಿಸತೊಡಗಿದೆ. ನೀರು ಕಡಿಮೆಯಾದರೆ ಕಾಗದ ಹರಿಯುತ್ತದೆ, ಹೆಚ್ಚಾದರೆ ಶಾಯಿ ಹರಡುತ್ತದೆ. ಹನಿ ಹನಿಯಾಗಿ ಒದ್ದೆ ಮಾಡುತ್ತ, ಕೂದಲೆಳೆಯಷ್ಟೇ ಎತ್ತುತ್ತ ಹೋದೆ. "ಯಾ ಅಲ್ಲಾ, ಹೆಸರು ಹೋಗಬಾರದ್ರಿ, ಹೆಸರು" ಅಂತ ಖಾಸೀಂಬಿ ನನ್ನ ಬೆನ್ನ ಹಿಂದೆ ಗೊಣಗುತ್ತಲೇ ಇದ್ದಳು. ಒಂದು ತಾಸಿಗೆ ಬಿಟ್ಟು ಬಂತು. ಹೆಸರು ಉಳಿದಿತ್ತು, ಹುಟ್ಟಿದ ತಾರೀಖು ಉಳಿದಿತ್ತು. ಹುಟ್ಟಿದ ಊರು ಬರೆದಿದ್ದ ಕಡೆ ನೀಲಿ ಕಲೆ ಮಾತ್ರ.

"ಇಷ್ಟಕ್ಕ ನಂಬ್ತಾರೇನ್ರೀ ಮಾಸ್ತರ?"

"ನಂಬ್ತಾರ ಬಿಡಕ್ಕಾ" ಅಂದೆ. ಅದು ಸುಳ್ಳು ಅಂತ ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಲಿಂಗಸುಗೂರಿನಲ್ಲಿ ಕೌದಿಯ ನಡುವಿನ ಚೌಕವನ್ನು ಶಬಾನಾ ಖಾಲಿ ಬಿಟ್ಟಳು. ಖಾಸೀಂಬಿಯೂ ನೋಡಲು ಬಂದಿದ್ದಳು. ಇದ್ದಷ್ಟು ಹೊತ್ತೂ, ಕುಪ್ಪಸದೊಳಗೆ ಕಾಗದ ಇಟ್ಟುಕೊಂಡಿದ್ದ ಎದೆಯ ಮೇಲಿನ ಕೈ ತೆಗೆಯಲಿಲ್ಲ.

ಮೊದಲು ಓದಬೇಕು, ಆಮೇಲೆ ಕತ್ತರಿ ಹಿಡಿಯಬೇಕು ಅಂತ ಈ ಕೆಲಸ ನನಗೆ ಕಲಿಸಿದ್ದು ಅಷ್ಟು ತಡವಾಗಿ. ಮನೆಗೆ ಬಂದವನೇ ನಾನೂ ಪೆಟ್ಟಿಗೆ ತೆಗೆದು ಕೂತೆ. ನಮ್ಮವ್ವ ಎಲ್ಲಿ ಹುಟ್ಟಿದಳು ಅನ್ನುವುದಕ್ಕೆ ಒಂದು ಚೂರು ಕಾಗದವೂ ಸಿಗಲಿಲ್ಲ. ಅದು ಇಲ್ಲವೆಂಬುದೇ ಐವತ್ತೆಂಟು ವರ್ಷ ನನಗೆ ಗೊತ್ತಿರಲಿಲ್ಲ. ನನ್ನನ್ನು ಯಾರೂ ಕೇಳಿರಲಿಲ್ಲ.