ಹನ್ನೊಂದು ಆಯುಧಗಳನ್ನು ತೊಳೆದ ದಿನ

1999 ಜನವರಿ 17, ಭಾನುವಾರ. ಬೆಳಿಗ್ಗೆ 6.40ಕ್ಕೆ ಬರೆಯಲು ಕುಳಿತೆ.

ಬೇಲಿ ಕತ್ತರಿಸುವ ಬ್ಯಾಟರಿ ಯಂತ್ರವನ್ನು ಕೆಡಿಸಿದವಳು ನಾನು. ಅಪ್ಪ ಅಲ್ಲ. ಅದು ಅವರ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿದ್ದದ್ದು ನಿಜ — ಆದರೆ ಬೀಳುವ ಮೊದಲೇ ಅದು ಸಾಯುತ್ತಿತ್ತು, ಅದು ನನಗೆ ಗೊತ್ತಿತ್ತು. ಎರಡು ವರ್ಷ ಎರಡು ತಿಂಗಳು ಅಪ್ಪ ತಮ್ಮ ಬಲಗೈಯನ್ನು ದೂರುತ್ತ ಬಂದರು. ನಾನು ಕೇಳಿಸಿಕೊಳ್ಳುತ್ತ ಬಂದೆ.

ಅಪ್ಪನ ಬಲಗೈ ಬಗ್ಗೆ ಮೊದಲು ಹೇಳಬೇಕು. ಮಧುರೆ ಕಡೆಯ ನಮ್ಮ ಗೂಡಲೂರಿನ ಸುತ್ತ ದ್ರಾಕ್ಷಿ ಚಪ್ಪರ ಇದ್ದವರೆಲ್ಲ ಬಳ್ಳಿ ಸವರುವ ಕಾಲ ಬಂದರೆ ನಮ್ಮ ಮನೆ ಬಾಗಿಲಿಗೆ ಬರುತ್ತಿದ್ದರು. ಸವರುವುದಕ್ಕೆ ನಮ್ಮ ಕಡೆ ಕವಾತ್ತು ಅನ್ನುತ್ತಾರೆ. ಬಳ್ಳಿಯಲ್ಲಿ ಚಿಗುರುವ ಕಣ್ಣು ಎಷ್ಟು ಉಳಿಸಿ ಎಲ್ಲಿ ಕತ್ತರಿಸಬೇಕು ಎಂದು ಅಪ್ಪ ಯೋಚಿಸುತ್ತಿರಲಿಲ್ಲ. ಕೈ ತಾನೇ ಹೋಗಿ ನಿಲ್ಲುತ್ತಿತ್ತು. 1995ರಲ್ಲಿ ಪಾರ್ಶ್ವವಾಯು ಹೊಡೆದು ಆ ಕೈ ಅರ್ಧ ಮಲಗಿತು. ತೋಟ ಅಣ್ಣನ ಪಾಲಿಗೆ ಹೋಯಿತು. ಅಪ್ಪನಿಗೆ ಉಳಿದದ್ದು ಮನೆಯಂಗಳದ ಗೋರಂಟಿ ಬೇಲಿ. ಕೈ ಚೆನ್ನಾಗಿದ್ದಾಗ, ಹಬ್ಬಕ್ಕೆ ಮೂರು ದಿನ ಮೊದಲು ಅವರು ಅದನ್ನು ಸವರಿ, ಎಳೆ ಎಲೆಯನ್ನೆಲ್ಲ ಗೋಣಿಯ ಮೇಲೆ ಗುಡ್ಡೆ ಹಾಕುತ್ತಿದ್ದರು. ಬೀದಿಯ ಹೆಣ್ಣುಮಕ್ಕಳು ಬಂದು ಕೈಗೆ ಹಚ್ಚಿಕೊಳ್ಳಲು ಸೆರಗು ತುಂಬ ಒಯ್ಯುತ್ತಿದ್ದರು. ಆದರೆ ದೊಡ್ಡ ಕತ್ತರಿಗೆ ಎರಡು ಕೈಯ ಬಲವೂ ಬೇಕು. ಆ ವರ್ಷ ಬೇಲಿ ತಲೆಗಿಂತ ಎತ್ತರ ಬೆಳೆಯಿತು. ಅಪ್ಪ ಆ ಕಡೆ ಮುಖ ಮಾಡಿ ಕೂರುವುದನ್ನೇ ಬಿಟ್ಟರು.

ಸಿಂಗಪುರದಲ್ಲಿದ್ದ ಮಾಮನಿಗೆ — ಅಮ್ಮನ ತಮ್ಮ — ನಾನು ಕಾಗದ ಬರೆದೆ. ಅಲ್ಲಿ ಮನೆಗಳ ಬೇಲಿಯನ್ನು ವೈರಿಲ್ಲದ, ಬ್ಯಾಟರಿಯ ಯಂತ್ರದಲ್ಲಿ ಕತ್ತರಿಸುತ್ತಾರೆ ಎಂದು ಅವರೇ ಒಮ್ಮೆ ಹೇಳಿದ್ದರು. ಮಾಮ ತಿರುಗಿ ಪ್ರಶ್ನೆಗಳ ಪಟ್ಟಿಯನ್ನೇ ಕಳಿಸಿದರು. ನನಗೆ ಅಂಥದ್ದೆಂದರೆ ಹಬ್ಬ. ಬೇಲಿಯ ಉದ್ದ ಅಳೆದೆ: ಐವತ್ತೆಂಟು ಅಡಿ. ಅತಿ ದಪ್ಪದ ಕೊಂಬೆ ನನ್ನ ಕಿರುಬೆರಳಿನಷ್ಟು. ಹಾಗಿದ್ದರೆ ಉದ್ದ ಅಲಗಿನದು ಬೇಡ, ಗಿಡ್ಡದೇ ಸಾಕು ಎಂದು ಮಾಮ ಬರೆದರು. ತೂಕ ಎಷ್ಟು ತಾಳುತ್ತಾರೆ ಎಂದೂ ಕೇಳಿದ್ದರು. ಅಕ್ಕಿಯನ್ನು ಎರಡು ಕಿಲೋ, ಮೂರು ಕಿಲೋ ಎಂದು ಚೀಲ ಕಟ್ಟಿ, ಅಪ್ಪನ ಎರಡೂ ಕೈಗೆ ಕೊಟ್ಟು, ಗಡಿಯಾರ ಹಿಡಿದು ನಿಂತೆ. ಮೂರು ಕಿಲೋಗೆ ನಾಲ್ಕನೇ ನಿಮಿಷದಲ್ಲಿ ಬಲಗೈ ನಡುಗಿತು. ಎರಡು ಕಿಲೋ ಹನ್ನೊಂದು ನಿಮಿಷ ನಿಂತಿತು.

ಅಮ್ಮ ಅಡುಗೆಮನೆಯಿಂದಲೇ ಕೂಗಿದಳು: "ಏನಡೀ, ನಿಮ್ಮಪ್ಪನ ರೇಷನ್ ಅಂಗಡಿ ತಕ್ಕಡಿ ಮಾಡ್ಬುಟ್ಟಿಯಾ?"

ಕೊನೆಯ ಪ್ರಶ್ನೆ ಸ್ವಿಚ್ಚಿನದು. ಒಂದು ಬಗೆಯ ಯಂತ್ರ ಎರಡು ಕೈಯೂ ಎರಡು ಕಡೆ ಒತ್ತಿದರೆ ಮಾತ್ರ ಓಡುತ್ತದೆ — ಕ್ಷೇಮ ಅದೇ. ಇನ್ನೊಂದು ಬಗೆಗೆ ಒಂದೇ ಬೆರಳು ಸಾಕು. ಅಪ್ಪನ ಬಲಗೈ ಒತ್ತಲಾರದು, ಸುಮ್ಮನೆ ಹಿಡಿಯ ಮೇಲೆ ಕೂತಿರಬಲ್ಲದು. ಹಾಗಾಗಿ ಎರಡನೆಯದನ್ನೇ ಆರಿಸಿದೆ. ಅಂದರೆ ಆ ಕೈಯಿಂದ ಏನಾಗುತ್ತದೆ, ಏನಾಗದು ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ. ಇದನ್ನು ಇಲ್ಲಿ ಬರೆದಿಡಲೇಬೇಕು.

1996ರ ಜೂನಿನಲ್ಲಿ ಮಾಮ ಯಂತ್ರ ತಂದರು. ಮೊದಲ ದಿನ ಅಪ್ಪ ಬೇಲಿಯ ಮುಂದೆ ನಿಂತು ಬಲಗೈಯನ್ನು ಹಿಡಿಯ ಮೇಲೆ ಕೂರಿಸಿಕೊಂಡರು. ಆಮೇಲೆ ಎಡಗೈ ಬೆರಳು ಒತ್ತಿತು. ಎದುರುಮನೆಯ ಪೇಚಿಯಮ್ಮ ಗೇಟಿಗೆ ಬಂದು, ಗೋರಂಟಿ ಕತ್ತರಿಸುವುದನ್ನು ನೋಡಿ, "ಅಣ್ಣೋ, ಮರುದಾಣಿಗೆ ಕ್ರಾಪು ವೆಟ್ಟಕ್ಕೆ ಸಿಂಗಪೂರಿಂದ ಆಳು ಬಂದವ್ನಾ?" ಅಂದಳು.

"ಬಾ, ನಿಂಗೂ ವೆಟ್ತೀನಿ," ಅಂದರು ಅಪ್ಪ. ಹತ್ತು ತಿಂಗಳಲ್ಲಿ ಅವರು ಆಡಿದ ಮೊದಲ ತಮಾಷೆ. ದಿನಚರಿಯಲ್ಲಿ ಗುರುತು ಹಾಕಿಕೊಂಡಿದ್ದೇನೆ.

ಯಂತ್ರದ ಆರೈಕೆ ನನ್ನದು. ಮಾಮ ತಂದ ಸೂಚನೆಯ ಕಾಗದವನ್ನು ಓದಿ, ಸಾರ ಬರೆದು, ಗೋಡೆಗೆ ಅಂಟಿಸಿದೆ. ಹದಿನಾರು ಗಂಟೆ ಚಾರ್ಜು. ಕೆಲಸ ಮುಗಿದ ಮೇಲೆ ಬ್ಯಾಟರಿ ಬಿಚ್ಚಿ, ಅಲಗಿಗೆ ಅಂಟಿದ ಹಸಿರು ಮೇಣವನ್ನು ಒಣಬಟ್ಟೆಯಲ್ಲಿ ಒರೆಸುವುದು. ಹೊಲಿಗೆ ಯಂತ್ರದ ಎಣ್ಣೆ, ಮೂರು ಹನಿ. ನೀರು ತಾಕಿಸಬಾರದು. ಕೊನೆಯದಕ್ಕೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದವಳೂ ನಾನೇ. ಪ್ರತಿ ಸಲ ಎಷ್ಟು ನಿಮಿಷ ಓಡಿತು ಎಂದು ಬರೆದಿಡುತ್ತಿದ್ದೆ: 24, 23, 24, 24.

ಆಮೇಲೆ ಆಯುಧ ಪೂಜೆ ಬಂತು.

ನಮ್ಮಲ್ಲಿ ಆ ದಿನ ಮನೆಯ ಸಾಮಾನುಗಳಿಗೆಲ್ಲ ಸ್ನಾನ. ಗುದ್ದಲಿ, ಮಚ್ಚು, ಕವಾತ್ತಿನ ಕತ್ತರಿಗಳು, ತಕ್ಕಡಿ, ಅಮ್ಮನ ಈಳಿಗೆಮಣೆ — ತೊಟ್ಟಿಯ ಬಳಿ ಸಾಲಾಗಿ ಇಟ್ಟು, ಬೂದಿ ಹಾಕಿ ಉಜ್ಜಿ, ತೊಳೆದು, ಗಂಧ ಕುಂಕುಮ ಇಟ್ಟು, ದೇವರ ಮುಂದೆ ಕೂರಿಸುತ್ತೇವೆ. ಅಪ್ಪ ಯಂತ್ರವನ್ನು ತಾವೇ ತಂದು ನನ್ನ ಕೈಗಿತ್ತರು. "ಇದುಕ್ಕೂ ಒಂದು ಪೊಟ್ಟು ಇಕ್ಕು ತಾಯೀ. ಇದೂ ನಮ್ ಮನೆ ಸಾಮಾನೇ," ಅಂದರು. ಬೊಟ್ಟು ಇಡು ಎಂದಷ್ಟೇ ಹೇಳಿದ್ದು. ತೊಳೆ ಎಂದಿರಲಿಲ್ಲ.

ನಾನು ಎಣಿಸಿದೆ. ಹತ್ತು ತೊಳೆದು ಆಗಿತ್ತು, ಇದು ಹನ್ನೊಂದನೆಯದು. ಅಲಗಿನ ಹಲ್ಲುಗಳ ನಡುವೆ ಒಣಗಿದ ಗೋರಂಟಿ ಮೇಣ ಕಪ್ಪಗೆ ಕೂತಿತ್ತು. ಬ್ಯಾಟರಿ ಬಿಚ್ಚಿದ್ದೇನಲ್ಲ, ಏನಾಗುತ್ತದೆ — ಎಂದುಕೊಂಡೆನೋ, ಅಥವಾ ಏನೂ ಅಂದುಕೊಳ್ಳಲೇ ಇಲ್ಲವೋ. ಎಲ್ಲವೂ ಮಿಂದಿರುವಾಗ ಇದೊಂದು ಮೀಯದೆ ದೇವರ ಮುಂದೆ ಹೇಗೆ ಕೂರುವುದು — ಇದು ಮಾತ್ರ ಮನಸ್ಸಿಗೆ ಬಂದದ್ದು ನೆನಪಿದೆ. ತೊಟ್ಟಿಯಲ್ಲಿ ಮುಳುಗಿಸಿದೆ. ಚೊಂಬಿನಿಂದ ಮೇಲೆ ನೀರೂ ಹೊಯ್ದೆ. ಬಟ್ಟೆಯಲ್ಲಿ ಒರೆಸಿ, ಅಲಗಿಗೆ ಮೂರು ಎಳೆ ವಿಭೂತಿ, ಬ್ಯಾಟರಿ ಕೂರುವ ಗೂಡಿನ ಬಾಯಿಗೆ ಹಸಿ ಗಂಧ. ಅದರ ಮೇಲೇ ಬ್ಯಾಟರಿ ಕೂರಿಸಿದೆ. ಆ ದಿನದ ದಿನಚರಿಯಲ್ಲಿ ಹೀಗಿತ್ತು: "ತೊಳೆದದ್ದು 11."

ನಾಲ್ಕು ದಿನದ ಮೇಲೆ ಬ್ಯಾಟರಿ ಬಿಚ್ಚಿ ನೋಡಿದರೆ ಒಳಗಿನ ತಗಡುಗಳ ಮೇಲೆ ಹಸಿರು-ಬಿಳಿ ಕಿಲುಬು. ಒಳಗೆ ಇನ್ನೂ ಪಸೆ ಇತ್ತು. ಬಿಸಿಲಿಗಿಟ್ಟೆ, ಕೆರೆದೆ, ಹದಿನಾರು ಗಂಟೆ ಚಾರ್ಜು ಹಾಕಿದೆ. ಹಿತ್ತಲಲ್ಲಿ ಒಬ್ಬಳೇ ಓಡಿಸಿ ನೋಡಿದೆ. ಎರಡು ನಿಮಿಷ. ಆಮೇಲೆ ಮುದುಕರ ಹಾಗೆ ಏದುಸಿರು ಬಿಟ್ಟು ನಿಧಾನವಾಯಿತು. ಮತ್ತೆ ಚಾರ್ಜು, ಮತ್ತೆ ಎರಡು ನಿಮಿಷ. ಅದನ್ನು ಒರೆಸಿ, ಎಣ್ಣೆ ಹಾಕಿ, ಅದರ ಮೂಲೆಯಲ್ಲಿ ಇಟ್ಟುಬಿಟ್ಟೆ. ದೀಪಾವಳಿಯ ಹೊತ್ತಿಗೆ ಹೇಗಾದರೂ… ಹೇಗಾದರೂ ಏನು? ಅದು ನನಗೂ ಗೊತ್ತಿರಲಿಲ್ಲ. ಸೂಚನೆ ಬರೆದು ಗೋಡೆಗೆ ಅಂಟಿಸಿದವಳು, ನಾನೇ ನೀರಿಗೆ ಹಾಕಿದೆ ಎನ್ನಲು ನನ್ನಿಂದ ಆಗಲಿಲ್ಲ.

ದೀಪಾವಳಿಗೆ ಮೂರು ದಿನ. ಅಪ್ಪ ಯಂತ್ರ ಎತ್ತಿಕೊಂಡು ಬೇಲಿಯ ಹತ್ತಿರ ಹೋದರು. ನಾನು ಜಗಲಿಯ ಮೇಲಿದ್ದೆ. ಈಗ ಹೇಳು, ಈಗ ಹೇಳು — ಎಂದು ಒಳಗೆ ಯಾರೋ ಅನ್ನುತ್ತಿದ್ದರು. ಗೋಣಿ ಹಾಸಿ ಆಗಿತ್ತು, ನಾಲ್ಕೈದು ಹುಡುಗಿಯರು ಕಾಯುತ್ತಿದ್ದರು. ಯಂತ್ರ ಓಡಿತು, ಏದುಸಿರು ಬಿಟ್ಟಿತು, ಎಲೆಯೊಂದನ್ನು ಕಚ್ಚಿ ನಿಂತಿತು. ಅಪ್ಪ ಅದನ್ನು ಸ್ವಲ್ಪ ಎತ್ತಿ ಅಲುಗಿಸಿದರು. ಬಲಗೈ ಜಾರಿತು. ಯಂತ್ರ ಕಲ್ಲಿನ ಮೇಲೆ ಬಿತ್ತು. ಆಮೇಲೆ ಎಷ್ಟು ಒತ್ತಿದರೂ ಸದ್ದಿಲ್ಲ.

ಅಪ್ಪ ಯಂತ್ರ ನೋಡಲಿಲ್ಲ, ಕೈ ನೋಡಿಕೊಂಡರು. "ಕೆಡ್ಸ್‌ಬುಟ್ಟೆ ತಾಯೀ. ಪಾಳಾದ ಕೈ, ಕೆಡ್ಸ್‌ಬುಟ್ತು."

ಆಗ ನಾನು ಆಡಿದ ಮಾತು ಇದು: "ಪರವಾಯಿಲ್ಲೆ ಅಪ್ಪಾ. ಕೈ ಜಾರುದ್ರೆ ನೀವೇನ್ ಮಾಡಕ್ಕಾಯ್ತದೆ?"

ಕೇಳಿದವರಿಗೆ ಅದು ಸಮಾಧಾನದ ಮಾತು. ಅಮ್ಮ ನನ್ನ ತಲೆ ಸವರಿದಳು. ನನಗೊಬ್ಬಳಿಗೆ ಗೊತ್ತು, ಅಷ್ಟು ಮೆತ್ತಗೆ ನಾನು ಎಂದೂ ಸುಳ್ಳು ಹೇಳಿರಲಿಲ್ಲ. ಆ ಸಂಜೆ ದಿನಚರಿ ತೆಗೆದು "11" ಅನ್ನು "10" ಎಂದು ತಿದ್ದಿದೆ. ಎರಡು ನಿಮಿಷದ ಲೆಕ್ಕ ಬರೆದಿದ್ದ ಹಾಳೆಯನ್ನು ಒಲೆಗೆ ಹಾಕಿದೆ.

ಒಂದು ಯಂತ್ರ ಹೋಯಿತು ಅಷ್ಟೇ ಎಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಆದರೆ ಅಪ್ಪ ಅಲ್ಲಿಗೇ ನಿಲ್ಲಿಸಲಿಲ್ಲ. ನೆಂಟರು ಬಂದಾಗ ಕಾಫಿ ಲೋಟ ಕೈಯಲ್ಲಿ ಹಿಡಿಯುವುದನ್ನು ಬಿಟ್ಟರು. ಎಲ್ಲರೂ ಹೋದ ಮೇಲೆ ಆರಿದ್ದನ್ನು ಕುಡಿಯುತ್ತಿದ್ದರು. ಮರುವರ್ಷ ಅಣ್ಣನಿಗೆ ಮಗಳು ಹುಟ್ಟಿದಳು. ಅತ್ತಿಗೆ ಮಗುವನ್ನು ಅಪ್ಪನ ಬಳಿಗೆ ತಂದು, "ಮಾಮಾ, ಇಂದಾಂಗ, ನಿಮ್ ಪೇತ್ತಿ," ಎಂದು ಮೊಮ್ಮಗಳನ್ನು ಅವರ ಕೈಗೆ ಚಾಚಿದಳು. ಅಪ್ಪ ಎರಡು ಹೆಜ್ಜೆ ಹಿಂದೆ ಸರಿದರು. "ಬೇಡಮ್ಮಾ. ಈ ಕೈಯ ನಂಬಕ್ಕಾಗಲ್ಲ. ಅವೊತ್ತು ನೋಡ್ಲಿಲ್ವಾ?"

ಅವೊತ್ತು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ.

ಎಷ್ಟು ಸಲ ಹೀಗಾಗಿದೆ ಎಂದು ಬರೆದಿಟ್ಟಿದ್ದೇನೆ. ಇಪ್ಪತ್ತಾರು ಸಲ. ಇಪ್ಪತ್ತೇಳನೆಯದು ಮೊನ್ನೆ, ಪೊಂಗಲಿನ ದಿನ. ಮಗು ಈಗ ನಡೆಯುತ್ತಾಳೆ. ಅಪ್ಪ ಜಗಲಿಯ ಮೇಲೆ ಕೂತಿದ್ದರು. ಅವಳು ತಾನೇ ಹೋಗಿ ಎರಡೂ ಕೈ ಮೇಲೆತ್ತಿ ನಿಂತಳು, ಎತ್ತಿಕೋ ಎಂದು. ಅಪ್ಪ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಅವಳಿಗೆ ನಗು ಮಾತ್ರ ಕೊಟ್ಟರು. ಅವಳು ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದು, ತನ್ನ ಕೈ ಇಳಿಸಿಕೊಂಡು, ಹೊರಟುಹೋದಳು. ಅವಳು ಅತ್ತಿದ್ದರೂ ನಾನು ಸಹಿಸುತ್ತಿದ್ದೆನೇನೋ.

ಆ ಕೈ ಎರಡು ಕಿಲೋವನ್ನು ಹನ್ನೊಂದು ನಿಮಿಷ ಹಿಡಿದಿತ್ತು. ಒಂದು ಮಳೆಗಾಲವೆಲ್ಲ ಐವತ್ತೆಂಟು ಅಡಿ ಬೇಲಿಯನ್ನು ನೇರ ಕತ್ತರಿಸಿತ್ತು. ಒಮ್ಮೆ ಜಾರಿತು, ಅದೂ ನಾನು ಕೆಡಿಸಿಟ್ಟ ಯಂತ್ರವನ್ನು ಅಲುಗಿಸಲು ಹೋಗಿ. ಒಂದು ತೊಟ್ಟಿ ನೀರಿನ ತಪ್ಪನ್ನು ಅಪ್ಪ ಆ ದಿನವೇ ನಕ್ಕು ಮರೆಯುತ್ತಿದ್ದರು. ಎರಡು ವರ್ಷದ ಮೌನವನ್ನು ಮರೆಯುತ್ತಾರೋ ಇಲ್ಲವೋ — ಮರೆಯಬೇಕು ಎಂದು ಕೇಳುವ ಹಕ್ಕು ನನಗಿಲ್ಲ.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದರಲ್ಲೂ ಒಂದು ಹೇಡಿತನ ಇತ್ತೇನೋ. ನಮ್ಮ ಮನೆಯಲ್ಲಿ ಮಾತು ಕನ್ನಡ, ಓದು ತಮಿಳು. ಮೂರು ವರ್ಷ ಮೈಸೂರಿನಲ್ಲಿ ಓದಿದ ನನ್ನನ್ನು ಬಿಟ್ಟರೆ ಈ ಅಕ್ಷರ ಯಾರಿಗೂ ಬರುವುದಿಲ್ಲ. ಅಪ್ಪನ ಕಣ್ಣಿಗೆ ಇದು ಬರಿಯ ಗೆರೆ. ಆದರೆ ಕಿವಿಗೆ ಹಾಗಲ್ಲ. ಗಟ್ಟಿಯಾಗಿ ಓದಿದರೆ ಒಂದು ಮಾತೂ ಅವರಿಗೆ ತಪ್ಪುವುದಿಲ್ಲ. ಇವತ್ತು ಹತ್ತು ಗಂಟೆಗೆ, ಅಣ್ಣ ಅತ್ತಿಗೆ ಅಮ್ಮ ಎಲ್ಲರನ್ನೂ ಕೂರಿಸಿಕೊಂಡು, ಮೊದಲ ಸಾಲಿನಿಂದ ಓದುತ್ತೇನೆ. ಅವರೆಲ್ಲ ಆ ಕೈಯನ್ನು ಅಪ್ಪನ ಜೊತೆ ಸೇರಿ ನಂಬದೆ ಹೋದವರು, ಅವರೂ ಕೇಳಬೇಕು. ಆಮೇಲೆ ಈ ಹಾಳೆಗಳನ್ನು ಪತ್ರಿಕೆಗೆ ಕಳಿಸುತ್ತೇನೆ.

ಯಂತ್ರ ಇನ್ನೂ ಇದೆ, ಬ್ಯಾಟರಿಯೂ ಇದೆ. ಇಂಥ ಯಂತ್ರ ಬಲ್ಲವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಬರೆಯಿರಿ: ಕಿಲುಬು ಹಿಡಿದ ತಗಡನ್ನು ಬದಲಿಸಬಹುದೇ? ನೀರು ಕುಡಿದ ಬ್ಯಾಟರಿಗೆ ಬೇರೆ ಸೆಲ್ಲು ಹಾಕಿ ಕಟ್ಟಬಲ್ಲವರು ಮಧುರೆಯಲ್ಲೋ ದಿಂಡುಕ್ಕಲ್ಲಿನಲ್ಲೋ ಇದ್ದಾರೆಯೇ? ತಪ್ಪು ಯಾರದೆಂದು ತಿಳಿಸಬೇಕಾಗಿಲ್ಲ. ಅದು ನಿಮ್ಮ ಕಾಗದ ಬರುವ ಮೊದಲೇ ನಮ್ಮ ಜಗಲಿಯ ಮೇಲೆ ಇತ್ಯರ್ಥವಾಗಿರುತ್ತದೆ. ಬೇಲಿ ಮತ್ತೆ ತಲೆಗಿಂತ ಎತ್ತರ ಬೆಳೆದಿದೆ. ಅದನ್ನು ಸವರುವ ಕೈ ಸರಿಯಾಗಿದೆ.